ಮಾವನವರ ಮಹಜರು ಮತ್ತು ನನ್ನ ಕಾರಿನ ಗೀರು

ಕಾರಿನ ಬಣ್ಣಕ್ಕೆ ಬಿಸಿಲು, ಮಳೆ, ಧೂಳು ಶತ್ರುಗಳೆಂದು ಕಾರಿನ ಜೊತೆ ಕೊಡುವ ಪುಸ್ತಕದಲ್ಲಿ ಬರೆದಿರುತ್ತದೆ. ಅದನ್ನು ಬರೆದವರು ಅರಸೀಕೆರೆಯಲ್ಲಿ ಸಂಸಾರ ಮಾಡಿದವರಲ್ಲ. ಬಿಸಿಲಿಗೆ ನೆರಳಿದೆ, ಮಳೆಗೆ ಷೆಡ್ಡಿದೆ, ಧೂಳಿಗೆ ಒದ್ದೆ ಬಟ್ಟೆಯಿದೆ. ಹಿತೈಷಿಗಳಿಗೆ ಏನು ಅಡ್ಡ ಕಟ್ಟುವುದು? ನಾನು ಕಾರು ಕೊಂಡ ಮೇಲೆ ಮೂರು ವರ್ಷ, ಒಂದಲ್ಲ ಒಂದು ಪ್ರಸಂಗ ನಡೆಯದೆ ಒಂದು ತಿಂಗಳೂ ಕಳೆಯಲಿಲ್ಲ. ಎಲ್ಲರೂ ಕಾರನ್ನು ಕಾಪಾಡಲೆಂದೇ ಬಂದವರು. ಅದೇ ತೊಂದರೆ.

ಪಣ

ತೊಂಬತ್ತರ ದಶಕದ ಕೊನೆಯ ಮಾತು. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ನಮ್ಮ ಯಜಮಾನರಿಗೆ ರೈಲ್ವೆಯಲ್ಲಿ ಹಳಿಗಳ ಉಸ್ತುವಾರಿ. ಮಾವನವರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಕಚೇರಿ ಅವರನ್ನು ಬಿಟ್ಟಿತ್ತು, ಅವರು ಕಚೇರಿಯನ್ನು ಬಿಟ್ಟಿರಲಿಲ್ಲ.

ನಾನು ಕಡುಗೆಂಪು ಬಣ್ಣದ ಕಾರು ಕೊಂಡು ಮನೆ ಮುಂದೆ ನಿಲ್ಲಿಸಿದಾಗ ಮಾವನವರು ಅದನ್ನೊಂದು ಸುತ್ತು ಹಾಕಿ ಕೇಳಿದರು: "ಓಡಿಸುವವರು ಯಾರು?"

"ನಾನೇ."

ಅವರು ಇನ್ನೊಂದು ಸುತ್ತು ಹಾಕಿದರು. "ನೋಡಮ್ಮ, ಮೂರು ವರ್ಷ ವಾಯಿದೆ. ಅಷ್ಟರಲ್ಲಿ ಒಂದು ಗೀರು, ಒಂದು ತುಕ್ಕಿನ ಚುಕ್ಕೆ ಬಿದ್ದರೂ ಬೀಗದ ಕೈ ನನ್ನ ಕೈಗೆ. ನಾನು ಡ್ರೈವರ್ ಇಡುತ್ತೇನೆ, ನೀನು ಹಿಂದಿನ ಸೀಟಿನಲ್ಲಿ ಕೂರಬೇಕು."

"ಬೀಳದಿದ್ದರೆ?"

"ನಿನ್ನ ಪಕ್ಕದಲ್ಲಿ ಕೂತು ಮಾಲೇಕಲ್ಲಿನ ಬೆಟ್ಟದ ಗುಡಿಗೆ ಬರುತ್ತೇನೆ. ಅಲ್ಲಿಯವರೆಗೆ ಈ ಗಾಡಿ ಹತ್ತುವವನಲ್ಲ."

ನಾನು ಒಪ್ಪಿಕೊಂಡೆ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಬೆಳಿಗ್ಗೆ ನಮ್ಮ ಶೂ ನೋಡುತ್ತಿದ್ದರು. ಶೂವಿನಲ್ಲಿ ಮುಖ ಕಾಣದಿದ್ದವರು ಸಾಲಿನ ಕೊನೆಗೆ ಹೋಗಬೇಕು. ಹತ್ತು ವರ್ಷದಲ್ಲಿ ನಾನು ಒಂದು ದಿನವೂ ಸಾಲಿನ ಕೊನೆಗೆ ಹೋದವಳಲ್ಲ. ಅಂಥವಳಿಗೆ ಒಂದು ಕಾರು ಯಾವ ಲೆಕ್ಕ?

ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ತಲೆ ಎತ್ತದೆ ಹೇಳಿದರು: "ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಅದರ ಧರ್ಮ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ನೀವಿಬ್ಬರೂ ಸೋಲುತ್ತೀರಿ."

ಅಂದಿನಿಂದ ಪ್ರತಿ ಶನಿವಾರ, ಆಂಜನೇಯನ ಗುಡಿಯಿಂದ ಬಂದೊಡನೆ, ಮಾವನವರು ಪಂಚಾಂಗ ಓದುವ ಭೂತಕನ್ನಡಿ ಹಿಡಿದು ಕಾರಿನ ಮಹಜರು ನಡೆಸತೊಡಗಿದರು. ಮೊದಲ ಶನಿವಾರ ಬಾಗಿಲ ಮೇಲೆ ಅಂಗೈ ಊರಿ ಬಗ್ಗಿದರು. ನಾನು ಕೂಡಲೇ ತಡೆದೆ.

"ಅಂಗೈ ಊರಬೇಡಿ. ಬೆವರಿನಲ್ಲಿ ಉಪ್ಪಿರುತ್ತದೆ, ಬಣ್ಣಕ್ಕೆ ಆಗುವುದಿಲ್ಲ."

"ಅಂಗೈ ಊರಬಾರದು, ಅಷ್ಟೇ ತಾನೆ? ಆಗಲಿ," ಎಂದರು. ನಿಯಮವೆಂದರೆ ಅವರಿಗೂ ಗೌರವ. ನಾನು ನೆಮ್ಮದಿಯಿಂದ ಒಳಗೆ ಹೋದೆ.

ತನಿಖೆ ಮುಗಿಸಿ ನೋಟ್‌ಬುಕ್ಕಿನಲ್ಲಿ ಬರೆದರು: "ಗೀರು ಕಂಡುಬಂದಿಲ್ಲ." ಸ್ವಲ್ಪ ಹೊತ್ತು ಯೋಚಿಸಿ ಕೆಳಗೆ ಒಂದು ಷರಾ ಸೇರಿಸಿದರು: "ಸದ್ಯಕ್ಕೆ."

ಕೊಬ್ಬರಿ ಎಣ್ಣೆ

ನಮ್ಮ ಪಕ್ಕದ ಮನೆಯವರು ಕೊಬ್ಬರಿ ವ್ಯಾಪಾರಿ. ಒಳ್ಳೆಯ ಮನುಷ್ಯ. ಅವರ ಪ್ರಕಾರ ಜಗತ್ತಿನ ಎಲ್ಲ ಕಾಯಿಲೆಗೂ ಕೊಬ್ಬರಿ ಎಣ್ಣೆ ಮದ್ದು: ತಲೆಗೆ, ಮಂಡಿಗೆ, ಬಾಗಿಲ ಕೀಲಿಗೆ, ಬಾಣಂತಿಗೆ. ನಾನು ಕಾರು ಒರೆಸುವಾಗಲೆಲ್ಲ ಕಾಂಪೌಂಡಿನಾಚೆಯಿಂದ ಹೇಳುವರು: "ಮೇಡಮ್ಮೋರೆ, ನಮ್ಮ ಅಂಗಡಿ ತಕ್ಕಡಿ ನೋಡಿ, ನಮ್ಮಪ್ಪನ ಕಾಲದ್ದು. ಒಂದು ಚುಕ್ಕಿ ತುಕ್ಕಿಲ್ಲ. ಯಾಕೆ? ಎಣ್ಣೆ!"

"ತಕ್ಕಡಿ ರಸ್ತೆಯಲ್ಲಿ ಓಡುವುದಿಲ್ಲ," ಎಂದು ನಾನು ಉತ್ತರಿಸುವೆ.

ಒಮ್ಮೆ ಎಸ್ಸೆಸ್ಸೆಲ್ಸಿ ಪೂರಕ ಪರೀಕ್ಷೆಯ ಉತ್ತರ ಪತ್ರಿಕೆಗಳ ಮೌಲ್ಯಮಾಪನಕ್ಕೆಂದು ನಾಲ್ಕು ದಿನ ಹಾಸನಕ್ಕೆ ಹೋದೆ. ಹಿಂದಿರುಗಿದಾಗ ಕಾರು ಗರಡಿಮನೆಯಿಂದ ಆಗಷ್ಟೇ ಹೊರಬಂದ ಪೈಲ್ವಾನನ ಹಾಗೆ ಹೊಳೆಯುತ್ತಿತ್ತು. ಪಕ್ಕದ ಮನೆಯವರು ನಗುತ್ತಾ ನಿಂತಿದ್ದರು.

"ನೀವು ಬರೋದ್ರೊಳಗೆ ಒಂದು ಕೈ ನೋಡ್ಬಿಟ್ಟೆ. ಎರಡು ಸೇರು ಹಿಡೀತು. ಗಾಣದ್ದು, ಕಲಬೆರಕೆ ಇಲ್ಲ."

ಇಷ್ಟು ಪ್ರೀತಿಯಿಂದ ಮಾಡಿದವರನ್ನು ಬೈಯುವುದು ಹೇಗೆ? ಶಾಲೆಗೆ ಹೊತ್ತಾಗಿತ್ತು. ಹಾಗೇ ಹೊರಟೆ. ರೈಲ್ವೆ ಗೇಟಿನ ಹತ್ತಿರ ಎರಡು ಲಾರಿಗಳ ಹಿಂದೆ ನಿಂತೆ. ಗೇಟು ತೆರೆದು ಧೂಳು ಎದ್ದು ಇಳಿಯುವಷ್ಟರಲ್ಲಿ ನನ್ನ ಕಡುಗೆಂಪು ಕಾರು ರವೆಯಲ್ಲಿ ಹೊರಳಿಸಿದ ವಡೆಯಂತಾಗಿತ್ತು. ಶಾಲೆಯಲ್ಲಿ ನನ್ನ ವಿದ್ಯಾರ್ಥಿನಿಯರು ಅದನ್ನು ಗುರುತಿಸದೆ, "ಯಾರೋ ಇನ್ಸ್‌ಪೆಕ್ಷನ್ನಿಗೆ ಬಂದಿದ್ದಾರೆ," ಎಂದು ಬೆಂಚಿನ ಮೇಲೆ ನೆಟ್ಟಗೆ ಕೂತರು.

ಸಂಜೆ ಮನೆಗೆ ಬಂದು, ಬಕೆಟ್ಟು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಬೀದಿಯ ಹಸುವೊಂದು ಬಾನೆಟ್ಟನ್ನು ನೆಕ್ಕುತ್ತಿತ್ತು. ಅದು ನೆಕ್ಕಿದಲ್ಲೆಲ್ಲ ಒಂದೊಂದು ಗೇಣು ಉದ್ದದ ಪಟ್ಟೆ ಎದ್ದಿತ್ತು. ಅದನ್ನು ಓಡಿಸಿದೆ. ಹಸುವಿನ ನಾಲಿಗೆ ಮರಳು ಕಾಗದಕ್ಕೆ ಸಮ. ಮಾವನವರು ಭೂತಕನ್ನಡಿ ತಂದು ಬಹಳ ಹೊತ್ತು ನೋಡಿದರು.

"ಬಣ್ಣಕ್ಕೇನೂ ಆಗಿಲ್ಲ," ಎಂದರು. "ಆಗಿದ್ದರೂ ಗೋಮಾತೆ ಮಾಡಿದ್ದನ್ನು ಗೀರು ಎಂದು ಬರೆಯಲು ನನ್ನ ಕೈ ಏಳುತ್ತಿರಲಿಲ್ಲ. 'ಆಶೀರ್ವಾದದ ಗುರುತು' ಎಂದು ಬರೆಯುತ್ತಿದ್ದೆ."

ಟಿಂಕರಿಂಗ್ ಅಂಗಡಿಯ ಬೇಡಿಕೆ

ಬಸ್ ಸ್ಟ್ಯಾಂಡಿನ ಹಿಂದೆ ಟಿಂಕರಿಂಗ್ ಮತ್ತು ಪೇಂಟಿಂಗ್ ಅಂಗಡಿ ಇಟ್ಟಿದ್ದ ಸಾಹೇಬರು ನನಗೆ ತುಕ್ಕಿನ ವಿಷಯದಲ್ಲಿ ಗುರುಗಳು. ಬಾಗಿಲಿನ ಅಡಿಯಲ್ಲಿ ನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವೆ, ಅವುಗಳಲ್ಲಿ ಎಲೆಯ ಚೂರು, ಮಣ್ಣು ಕಟ್ಟಿಕೊಂಡರೆ ಬಾಗಿಲನ್ನು ಒಳಗಿನಿಂದ ತುಕ್ಕು ತಿನ್ನುತ್ತದೆ ಎಂದು ಹೇಳಿಕೊಟ್ಟವರು ಅವರೇ. ಅಂದಿನಿಂದ ನಾನು ಪ್ರತಿ ಭಾನುವಾರ ಮಣೆ ಹಾಕಿ ಕೂತು, ಪೊರಕೆ ಕಡ್ಡಿಯಿಂದ ಆ ತೂತುಗಳನ್ನು ಕೆದಕುತ್ತಿದ್ದೆ. ದಾರಿಯಲ್ಲಿ ಹೋಗುವವರು, "ಮೇಡಂ ಕಾರಿನ ಕಿವಿ ಕ್ಲೀನ್ ಮಾಡ್ತಿದ್ದಾರೆ," ಎನ್ನುತ್ತಿದ್ದರು. ಅನ್ನಲಿ.

ನಾನು ವಾರಕ್ಕೊಮ್ಮೆ ಸಾಹೇಬರ ಅಂಗಡಿಗೆ ಹೋಗಿ ಹೊಸ ಪ್ರಶ್ನೆ ಕೇಳುತ್ತಿದ್ದೆ. ಮಡ್‌ಗಾರ್ಡಿನ ಒಳಗೆ ಯಾವ ಕಪ್ಪು ಬಣ್ಣ ಹೊಡೆಸಬೇಕು? ಹಕ್ಕಿಯ ಹಿಕ್ಕೆಯನ್ನು ಒಣಗಿದ ಮೇಲೆ ತೆಗೆಯಬೇಕೋ ಹಸಿಯಲ್ಲೋ? ಒರೆಸುವ ಬಟ್ಟೆ ಹಳೆ ಪಂಚೆಯಾದರೆ ಸಾಕೋ? ಕೆಲವು ತಿಂಗಳು ಅವರು ಶಾಂತವಾಗಿ ಉತ್ತರ ಕೊಟ್ಟರು. ಆಮೇಲೊಂದು ದಿನ ಸುತ್ತಿಗೆ ಕೆಳಗಿಟ್ಟರು.

"ಮೇಡಮ್ಮೋರೆ, ತಪ್ಪು ತಿಳ್ಕೋಬೇಡಿ. ಡಾಕ್ಟ್ರ ಹತ್ರ ವಾರ ವಾರ ಬಂದು, ಕಾಯಿಲೆ ಬರದಂಗೆ ಹೆಂಗಿರೋದು ಅಂತ ಕೇಳಿದ್ರೆ ಡಾಕ್ಟ್ರ ಗತಿ ಏನು? ನಿಮ್ಮಂಥೋರು ಊರಲ್ಲಿ ನಾಲ್ಕು ಜನ ಆದ್ರೆ ನಾನು ಅಂಗಡಿ ಬಾಗಿಲು ಹಾಕಬೇಕು."

ಅವರ ಮಾತಿನಲ್ಲಿ ನ್ಯಾಯವಿತ್ತು. "ಹಾಗಾದರೆ ನಾನು ಬರುವುದನ್ನು ನಿಲ್ಲಿಸಲೇ?" ಎಂದೆ.

"ಅಯ್ಯೋ, ಹಂಗನ್ಬೇಡಿ! ಬನ್ನಿ. ಬಂದಾಗ ಗಾಡೀನ ಅಲ್ಲಿ ಮರದ ಕೆಳಗೆ ಬೇಡ, ಇಲ್ಲಿ ಅಂಗಡಿ ಮುಂದೆ ಒಂದು ಗಂಟೆ ನಿಲ್ಲಿಸಿ. ಪೇಂಟ್ ನಾನೇ ಮಾಡಿದ್ದು ಅಂತ ನಾಲ್ಕು ಜನ ತಿಳ್ಕೊಳ್ಳಲಿ."

ಆಯುಧ ಪೂಜೆ

ಆಯುಧ ಪೂಜೆಗೆ ಬಂದ ಪುರೋಹಿತರಿಗೆ ನಾನು ಮೊದಲೇ ನಿಯಮಗಳನ್ನು ತಿಳಿಸಿದೆ. ಬಾನೆಟ್ಟಿನ ಮೇಲೆ ಅರಿಸಿನ, ಕುಂಕುಮ, ಗಂಧ ಹಚ್ಚಬಾರದು, ಕಲೆ ಕಟ್ಟುತ್ತದೆ. ಹೂವನ್ನು ಟೇಪಿನಲ್ಲಿ ಅಂಟಿಸಬಾರದು. ತೆಂಗಿನಕಾಯಿ ಈಡುಗಾಯಿ ಹಾಕುವುದಿದ್ದರೆ ಗೇಟಿನಾಚೆ, ಚಿಪ್ಪು ಸಿಡಿಯುತ್ತದೆ. ಮಂಗಳಾರತಿ ಮೂರಡಿ ದೂರದಿಂದ.

ಪುರೋಹಿತರು ತಟ್ಟೆ ಹಿಡಿದು ನಿಂತೇ ಇದ್ದರು. "ಅಮ್ಮಾ, ಹಾಗಾದರೆ ನಾನು ಪೂಜೆ ಮಾಡುವುದು ಯಾವುದಕ್ಕೆ?"

ಮಾವನವರು ಪುರೋಹಿತರ ಪಕ್ಷ. "ಕಬ್ಬಿಣ ಶನಿದೇವರ ವಸ್ತು, ಹುಡುಗಾಟವಲ್ಲ. ನನ್ನನ್ನು ನೋಡು, ಸಾಡೇಸಾತ್ ಶುರುವಾದಾಗ ಹಾಕಿಕೊಂಡ ನೀಲದ ಉಂಗುರ, ಇವತ್ತಿಗೂ ಬೆರಳಿನಿಂದ ತೆಗೆದಿಲ್ಲ. ಏನಾದರೂ ಒಂದು ರಕ್ಷೆ ಇರಬೇಕಮ್ಮ," ಎಂದು ಬಲಗೈ ಎತ್ತಿ ತೋರಿಸಿದರು. ನಡುಬೆರಳಿನಲ್ಲಿ ಕಡಲೆಕಾಳಿನಷ್ಟು ನೀಲ ಎದ್ದು ಕಾಣುತ್ತಿತ್ತು.

ಕೊನೆಗೆ ರಾಜಿಯಾಯಿತು. ಕಾರಿನ ಬದಲು ಕಾರಿನ ಆರ್.ಸಿ. ಪುಸ್ತಕವನ್ನು ಮಣೆಯ ಮೇಲಿಟ್ಟು ಪೂಜೆ ಮಾಡಿದೆವು. ಪುರೋಹಿತರು ಅಷ್ಟು ಹೊತ್ತಿನ ಸಿಟ್ಟನ್ನೆಲ್ಲ ಅದರ ಮೇಲೆ ತೀರಿಸಿಕೊಂಡರು. ಒಂದು ಪುಟಕ್ಕೂ ಕುಂಕುಮ ತಪ್ಪಲಿಲ್ಲ.

ಮುಂದಿನ ತಿಂಗಳು ಬೇಲೂರಿಗೆ ಹೋಗುವಾಗ ದಾರಿಯಲ್ಲಿ ಪೊಲೀಸಿನವರೊಬ್ಬರು ಕೈ ಅಡ್ಡ ಹಾಕಿದರು. "ರೆಕಾರ್ಡ್ಸ್ ತೋರಿಸಿ." ಆರ್.ಸಿ. ಪುಸ್ತಕ ಕೊಟ್ಟೆ. ತೆರೆದರು. ಅಕ್ಷತೆ ಅವರ ಬೂಟಿನ ಮೇಲೆ ಉದುರಿತು. ಪುಟ ತಿರುಗಿಸಿದರು, ಒಣಗಿದ ತುಳಸಿ ಬಿತ್ತು. ಇನ್ನೊಂದು ಪುಟದಲ್ಲಿ ಇಂಜಿನ್ ನಂಬರಿನ ಮೇಲೆ ಓಂಕಾರ.

ಅವರು ಟೋಪಿ ತೆಗೆದು, ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, ಎರಡು ಕೈಯಲ್ಲೂ ಹಿಂದಕ್ಕೆ ಕೊಟ್ಟರು. "ಹೋಗ್ಬನ್ನಿ ತಾಯಿ," ಎಂದರು. ಲೈಸೆನ್ಸ್ ಕೇಳಲೇ ಇಲ್ಲ. ನಾನಾಗಿಯೇ ತೋರಿಸಿದೆ, ಕ್ರಮ ಎಂದರೆ ಕ್ರಮ.

ಹಳೇಬೀಡಿನ ಪ್ರಬಂಧ

ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ಹಳೇಬೀಡಿಗೆ ಪ್ರವಾಸ ಕರೆದೊಯ್ದಾಗ ನಾನು ಕಾರಿನಲ್ಲಿ ಹಿಂದೆ ಹೋದೆ. ದೇವಸ್ಥಾನದ ಮುಂದೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಎಚ್ಚರಿಕೆ ಕೊಟ್ಟೆ: ಕಾರಿಗೆ ಒರಗಬಾರದು, ಟಿಫಿನ್ ಡಬ್ಬಿ ಇಡಬಾರದು, ಧೂಳಿನ ಮೇಲೆ ಬೆರಳಿನಿಂದ ಹೆಸರು ಬರೆಯಬಾರದು, ಧೂಳಿನ ಕಣವೇ ಬಣ್ಣವನ್ನು ಗೀರುತ್ತದೆ. ಒಳಗೆ ಹೋದ ಮೇಲೆ ಅಲ್ಲಿನ ಕಾವಲುಗಾರರು ಅದೇ ದನಿಯಲ್ಲಿ ಅವೇ ಮಾತು ಹೇಳಿದರು: ಒರಗಬೇಡಿ, ಮುಟ್ಟಬೇಡಿ, ಹೆಸರು ಬರೆಯಬೇಡಿ. ಹುಡುಗಿಯರು ನನ್ನ ಮುಖ ನೋಡಿದರು.

ಮರುವಾರ 'ನಮ್ಮ ಪ್ರವಾಸ' ಎಂಬ ವಿಷಯದ ಮೇಲೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಸಿದೆ. ಒಂಬತ್ತನೇ ತರಗತಿಯ ಒಬ್ಬಳು ಹೀಗೆ ಬರೆದಿದ್ದಳು: "ಹಳೇಬೀಡಿನಲ್ಲಿ ಮುಟ್ಟಬಾರದ ವಸ್ತುಗಳು ಎರಡು. ಒಂದು ಹೊಯ್ಸಳೇಶ್ವರ ದೇವಾಲಯದ ಶಿಲ್ಪಗಳು. ಇನ್ನೊಂದು ನಮ್ಮ ಮೇಡಂ ಅವರ ಕಾರು. ಶಿಲ್ಪಗಳಿಗೆ ಒಬ್ಬರೇ ಕಾವಲುಗಾರರಿದ್ದರು, ಅವರು ಆಗಾಗ ಟೀ ಕುಡಿಯಲು ಹೋಗುತ್ತಿದ್ದರು."

ಮೂರು ಸಲ ಓದಿದೆ. ವ್ಯಾಕರಣ ಸರಿಯಾಗಿತ್ತು, ಸ್ಪೆಲ್ಲಿಂಗ್ ಸರಿಯಾಗಿತ್ತು. ಅಂಕ ಕಳೆಯಲು ದಾರಿಯೇ ಇರಲಿಲ್ಲ.

ಅರೇಹಳ್ಳಿಯ ಹುಂಜ

ಅರೇಹಳ್ಳಿಯಲ್ಲಿ ನಮ್ಮ ಯಜಮಾನರ ಸ್ನೇಹಿತರ ಮನೆ ಗೃಹಪ್ರವೇಶ. ಹೋಗುವ ಮುನ್ನ ನಾನು ಕಾರಿಗೆ ಎರಡು ಸುತ್ತು ಪಾಲಿಶ್ ಕೊಟ್ಟಿದ್ದೆ. ಬಾಗಿಲಲ್ಲಿ ಕುಂಕುಮ ಸರಿಮಾಡಿಕೊಳ್ಳಬಹುದಿತ್ತು, ಅಷ್ಟು ಹೊಳಪು.

ಊಟಕ್ಕೆ ಕೂತಿದ್ದೇವೆ, ಅಂಗಳದಿಂದ ಟಣ್ ಟಣ್ ಎಂದು ಸದ್ದು. ಎದ್ದು ಓಡಿದೆ. ಮನೆಯವರ ಹುಂಜ ಕತ್ತಿನ ಗರಿ ಕೆದರಿಕೊಂಡು ನನ್ನ ಕಾರಿನ ಮೇಲೆ ಯುದ್ಧ ಸಾರಿತ್ತು. ಚಕ್ರದ ಹೊಳೆಯುವ ಮುಚ್ಚಳದಲ್ಲಿ ಅದಕ್ಕೆ ಇನ್ನೊಂದು ಹುಂಜ ಕಂಡಿತ್ತು. ಓಡಿಸಿದೆ. ಅದು ಆಚೆ ಬದಿಗೆ ಹೋಯಿತು. ಅಲ್ಲಿ ಬಾಗಿಲಲ್ಲಿ ಇನ್ನೂ ದೊಡ್ಡ ಹುಂಜ ಕಂಡಿತು. ರೇಷ್ಮೆ ಸೀರೆ ಉಟ್ಟು, ಎಡಗೈಯಲ್ಲಿ ಛತ್ರಿ ಹಿಡಿದು, ಎಂಜಲು ಬಲಗೈ ಮೇಲೆತ್ತಿಕೊಂಡು ನಾನು ಕಾರಿನ ಸುತ್ತ ನಾಲ್ಕು ಪ್ರದಕ್ಷಿಣೆ ಹಾಕಿದೆ. ಹುಂಜ ಐದು ಹಾಕಿತು.

ಮನೆಯ ಅಜ್ಜಿ ಜಗಲಿಯಲ್ಲಿ ಎಲೆ ಅಡಿಕೆ ಮೆಲ್ಲುತ್ತಾ ನೋಡುತ್ತಿದ್ದರು. "ಅದು ಬಿಡಾಕಿಲ್ಲ ಕಣವ್ವ. ಒಳಗಡೆ ಇರೋನು ಸೋತು ಓಡೋಗೋಗಂಟ ಬಿಡಾಕಿಲ್ಲ. ನೀನು ಇಷ್ಟೊಂದು ಉಜ್ಜಬಾರದಿತ್ತು. ಒಸಿ ಕೆಸರು ಬಳಿ, ಸರಿಹೋಗ್ತದೆ."

ಬೇರೆ ದಾರಿ ಇರಲಿಲ್ಲ. ಎರಡು ಸುತ್ತು ಪಾಲಿಶ್ ಕೊಟ್ಟ ಅದೇ ಕೈಯಿಂದ, ನುಣ್ಣನೆಯ ಕೆಸರನ್ನು ಕಲ್ಲಿಲ್ಲದಂತೆ ಆರಿಸಿ, ನೀರಿನಲ್ಲಿ ತೆಳ್ಳಗೆ ಕಲಸಿ, ನಾಲ್ಕೂ ಬಾಗಿಲಿಗೆ, ನಾಲ್ಕೂ ಚಕ್ರಕ್ಕೆ ಸಮವಾಗಿ ಬಳಿದೆ. ಮಾಡುವ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಬೇಕು. ಹುಂಜ ಬಂದು ನೋಡಿತು, ಗೆದ್ದೆನೆಂದು ಒಮ್ಮೆ ಕೂಗಿ ಹೋಯಿತು. ಕೊಕ್ಕು ತಾಗಿದ್ದು ಮುಚ್ಚಳಕ್ಕೆ ಮಾತ್ರ, ಬಣ್ಣ ಉಳಿದಿತ್ತು.

ಮನೆಗೆ ಬಂದಾಗ ಮಾವನವರು ಗೇಟಿನಲ್ಲೇ ಕೇಳಿದರು: "ಇಷ್ಟು ಕೆಸರು ಎಲ್ಲಿ ಹಾರಿತಮ್ಮ?"

"ಹಾರಲಿಲ್ಲ. ನಾನೇ ಬಳಿದೆ."

ಅವರು ನನ್ನನ್ನು ಬಿಟ್ಟು ಮಗನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಅವಳಿಗೆ ಎರಡು ದಿನ ರಜ ಹಾಕಿಸೋ."

ಕೊನೆಯ ಶನಿವಾರ

ಮೂರು ವರ್ಷ ತುಂಬುವ ಶನಿವಾರ ಬಂತು. ಹಿಂದಿನ ದಿನವೇ ನಾನು ಕಾರಿನ ಇಂಚಿಂಚನ್ನೂ ಒರೆಸಿದ್ದೆ. ಬೀಗದ ಕೈ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿದ್ದೆ. ಕೊನೆಯ ಮಹಜರಿಗೆ ಹೊರಗಿನ ಸಾಕ್ಷಿ ಬೇಕೆಂದು ಮಾವನವರು ಟಿಂಕರಿಂಗ್ ಸಾಹೇಬರನ್ನು ಕರೆಸಿದ್ದರು.

ಆ ವಾರ ಮಾವನವರಿಗೆ ಮಂಡಿ ಊದಿತ್ತು. ಅದೇ ಮೊದಲ ಸಲ ಬಲಗೈಯಲ್ಲಿ ಊರುಗೋಲು ಹಿಡಿದು ಬಂದರು. ಎಂದಿನಂತೆ ಎಡಗೈಯಲ್ಲಿ ಭೂತಕನ್ನಡಿ. ಬಾನೆಟ್ಟು ಆಯಿತು, ಡಿಕ್ಕಿ ಆಯಿತು. ಡ್ರೈವರ್ ಬಾಗಿಲ ಹತ್ತಿರ ಬಗ್ಗಿದವರು ಮೇಲೇಳಲಿಲ್ಲ.

"ಇಲ್ಲಿ ಬಾಮ್ಮ."

ಹೋದೆ. ಕಿಟಕಿಯ ಗಾಜಿನಿಂದ ಅರ್ಧ ಗೇಣು ಕೆಳಗೆ, ಒಂದು ರೂಪಾಯಿ ನಾಣ್ಯದಗಲ ಜಾಗದಲ್ಲಿ, ಕೂದಲೆಳೆಯಂಥ ಸಣ್ಣ ಸಣ್ಣ ಗೀರುಗಳು. ಬರಿಗಣ್ಣಿಗೆ ಬರೀ ಮಸುಕು. ಭೂತಕನ್ನಡಿಯಲ್ಲಿ ಒಂದು ಹಿಡಿ ಗೀರು. ಮಾವನವರು ಬೀಗದ ಕೈಗೆಂದು ಎಡಗೈ ಚಾಚಿದರು. ನಾನು ಸೆರಗಿನ ಗಂಟು ಬಿಚ್ಚತೊಡಗಿದೆ.

"ಒಂದು ನಿಮಿಷ," ಎಂದರು ಸಾಹೇಬರು. ಬೆರಳು ಒದ್ದೆ ಮಾಡಿ ಆ ಜಾಗವನ್ನು ಸವರಿದರು. "ಇದು ಒಂದು ದಿನದ್ದಲ್ಲ ಮೇಡಮ್ಮೋರೆ. ಇನ್ನೊಂದು ಗಾಡಿ ತಾಗಿದ್ರೆ ಉದ್ದಕ್ಕೆ ಎಳೀತದೆ. ಮುಳ್ಳಾದ್ರೆ ಓರೆ ಹೋಗ್ತದೆ. ಇದು ಒಂದೇ ಜಾಗ, ಒಂದೇ ಎತ್ತರ. ಯಾರೋ ವಾರ ವಾರ ಬಂದು ಮೊಹರು ಒತ್ತಿದಂಗೆ ಐತೆ."

ಸಾಹೇಬರು ಮಾವನವರ ಕಡೆ ತಿರುಗಿದರು.

"ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ. ಬೇರೆ ಶನಿವಾರ ಕೋಲಿಲ್ದೆ ಹೆಂಗೆ ಬಗ್ಗಿ ನೋಡ್ತಿದ್ರಿ, ಒಂದ್ಸಲ ತೋರಿಸಿ."

ಮಾವನವರು ಊರುಗೋಲನ್ನು ನನ್ನ ಕೈಗೆ ಕೊಟ್ಟರು. ಎಡಗೈಯಲ್ಲಿ ಕನ್ನಡಿ ಹಿಡಿದು, ಬಲಗೈ ಬಿಗಿಯಾಗಿ ಮುಷ್ಟಿ ಮಾಡಿ, ಆ ಮುಷ್ಟಿಯನ್ನು ಬಾಗಿಲಿಗೆ ಊರಿ ಬಗ್ಗಿದರು. ನೀಲದ ಉಂಗುರ ಟಕ್ ಎಂದು ಸರಿಯಾಗಿ ಆ ಮಸುಕಿನ ಮೇಲೇ ಕೂತಿತು. ಮೂರು ವರ್ಷ ಅವರ ಕೈಯೇ ಆ ಜಾಗವನ್ನು ಮುಚ್ಚಿತ್ತು, ಅವರಿಗೆ ಕಂಡಿರಲಿಲ್ಲ. ಬರಿಗಣ್ಣಿಗೆ ಬರೀ ಮಸುಕಾದ್ದರಿಂದ ಒರೆಸುವಾಗ ನನಗೂ ಗೊತ್ತಾಗಿರಲಿಲ್ಲ.

ಅವರು ಬಗ್ಗಿದಲ್ಲೇ ಕೇಳಿದರು: "ಅಂಗೈ ಊರಬಾರದು ಎಂದವರು ಯಾರು?"

"ನಾನು," ಎಂದೆ. "ಮುಷ್ಟಿ ಊರಿದವರು ಯಾರು?"

"ನಾನು."

ಜಗಲಿಯ ಮೇಲೆ ಪೇಪರ್ ಅಲುಗಾಡಿತು. ಅದರ ಹಿಂದಿನಿಂದ ನಮ್ಮ ಯಜಮಾನರ ದನಿ: "ಇಬ್ಬರೂ ಸೋಲುತ್ತೀರಿ ಎಂದು ಮೂರು ವರ್ಷದ ಹಿಂದೆಯೇ ಹೇಳಿದ್ದೆ."

ಮಾವನವರು ನೋಟ್‌ಬುಕ್ ತೆಗೆದು ಬರೆದರು: "ಗೀರು ಇದೆ. ಚಾಲಕಿಯ ಕೈಯಿಂದ ಆದದ್ದಲ್ಲ." ಸಾಹೇಬರ ಸಹಿ ಹಾಕಿಸಿದರು. ಆಮೇಲೆ ಪುಸ್ತಕ ಮುಚ್ಚಿ, "ನಡೆಯಮ್ಮ ಮಾಲೇಕಲ್ಲಿಗೆ. ಮೆಟ್ಟಿಲು ಹತ್ತಲಾರೆ, ಬೆಟ್ಟದ ಬುಡದಲ್ಲೇ ಕೈ ಮುಗಿದು ಬರೋಣ," ಎಂದರು. ಬೀಗದ ಕೈ ನನ್ನಲ್ಲೇ ಉಳಿಯಿತು.

ಮುಂದಿನ ಸೀಟಿನಲ್ಲಿ ಕೂತೊಡನೆ ಅವರು ಕೇಳಿದರು: "ಈ ಕೈ ಎಲ್ಲಿ ಇಡಲಿ?"

"ಬಾಗಿಲಿಗೆ, ಗಾಜಿಗೆ, ಡ್ಯಾಶ್‌ಬೋರ್ಡಿಗೆ ಉಂಗುರ ತಾಗದಂತೆ ಎಲ್ಲಾದರೂ ಇಟ್ಟುಕೊಳ್ಳಿ," ಎಂದೆ.

ಅವರು ಯೋಚಿಸಿ, ಬಲಗೈಯನ್ನು ಎಡಗೈಯೊಳಗೆ ಭದ್ರವಾಗಿ ಅಡಗಿಸಿ, ಎರಡನ್ನೂ ಎದೆಯ ಮುಂದೆ ಜೋಡಿಸಿಕೊಂಡರು. ಬಸ್ ಸ್ಟ್ಯಾಂಡು, ಮಾರುಕಟ್ಟೆ, ರೈಲ್ವೆ ಗೇಟು, ಎಲ್ಲಿಯೂ ಕೈ ಕೆಳಗಿಳಿಸಲಿಲ್ಲ. ನನಗೆ ಅವರ ಶಿಸ್ತು ಮೆಚ್ಚುಗೆಯಾಯಿತು.

ಸೋಮವಾರ ಸ್ಟಾಫ್ ರೂಮಿನಲ್ಲಿ ಕನ್ನಡ ಮೇಡಂ ಕೇಳಿದರು: "ಅಲ್ಲಾ ರೀ, ನಿಮ್ಮ ಮಾವನವರು ನಿಮ್ಮ ಕಾರಿನಲ್ಲಿ ಊರು ದಾಟುವವರೆಗೂ ಕೈ ಮುಗಿದುಕೊಂಡೇ ಕೂತಿದ್ದರಂತೆ? ಅಷ್ಟು ಜೋರಾಗಿ ಓಡಿಸ್ತೀರಾ?"

ಸಂಜೆಯೊಳಗೆ ಪಕ್ಕದ ಮನೆಯವರೂ ಕೇಳಿದರು, ತರಕಾರಿಯವಳೂ ಕೇಳಿದಳು, ಪುರೋಹಿತರಂತೂ ಕೇಳಲೆಂದೇ ಬಂದರು. ನನಗೆ ತಡೆಯಲಾಗಲಿಲ್ಲ. ಮಾವನವರ ಹತ್ತಿರ ಹೋಗಿ, "ನೀವೇ ಇವರಿಗೆಲ್ಲ ನಿಜ ಹೇಳಬೇಕು. ನನ್ನ ಡ್ರೈವಿಂಗಿಗೆ ಹೆದರಿ ಕೈ ಮುಗಿದದ್ದಲ್ಲ ಎಂದು ಹೇಳಿ," ಎಂದೆ.

ಮಾವನವರು ಬೆರಳಿನ ಉಂಗುರವನ್ನು ಒಂದು ಸುತ್ತು ತಿರುಗಿಸಿದರು.

"ನಿಜ ಹೇಳಿದರೆ ಗೀರು ಹಾಕಿದವನು ನಾನೇ ಎಂದು ಒಪ್ಪಿಕೊಳ್ಳಬೇಕಾಗುತ್ತದಮ್ಮ," ಎಂದರು. "ಅದಕ್ಕಿಂತ ನೀನು ಕೆಟ್ಟದಾಗಿ ಓಡಿಸುತ್ತೀಯ ಎನ್ನುವುದೇ ವಾಸಿ."